ಗೇಮಿಂಗ್ ಪೀರಿಯಡ್ಡಿನ ಪರಮಾರ್ಥ: ಒಂದು ಮೀಮಾಂಸೆ

ಶಾಲೆಯಲ್ಲಿ ಇ-ಸ್ಪೋರ್ಟ್ಸ್ ಬೇಕೇ ಎಂದರೆ ಪೂರ್ವಪಕ್ಷದವರ ಉತ್ತರ ಸಿದ್ಧವಿದೆ: ಕಣ್ಣು ಹೋಗುತ್ತದೆ, ಓದು ಹೋಗುತ್ತದೆ, ಕಡೆಗೆ ಡೇಟಾ ಪ್ಯಾಕೂ ಹೋಗುತ್ತದೆ. ಈ ಪ್ರಬಂಧಕಾರನದು ಸಿದ್ಧಾಂತಪಕ್ಷ. ಕ್ಷೇತ್ರಕಾರ್ಯ ನಡೆದದ್ದು ನಮ್ಮ ಮನೆಯ ದಿವಾನದ ಮೇಲೆ. ಅಧ್ಯಯನದ ವಸ್ತು, ಎಂಟನೇ ಕ್ಲಾಸಿನ ನನ್ನ ಅಕ್ಕನ ಮಗ.

ಮೊದಲು ಅಧ್ಯಾತ್ಮ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರದ ನಿಷೇಧದಿಂದ ಪಬ್‌ಜಿ ಎಂಬ ಮೊಬೈಲ್ ಆಟ ಕಾಲವಶವಾಯಿತು. 2021ರಲ್ಲಿ ಬಿಜಿಎಂಐ ಎಂಬ ನಾಮಧೇಯದಿಂದ ಮರುಜನ್ಮ, 2022ರ ಜುಲೈಯಲ್ಲಿ ಮತ್ತೆ ಮರಣ, 2023ರಲ್ಲಿ ಮತ್ತೆ ಜನನ. ನಾಶ ಆ್ಯಪಿಗೇ ಹೊರತು ಆತ್ಮಕ್ಕಲ್ಲ ಎಂಬುದು ಹುಡುಗನಿಗೆ ಉಪನಯನಕ್ಕೆ ಮುಂಚೆಯೇ ಮನದಟ್ಟಾಯಿತು.

ಇನ್ನು ಭೂಗೋಳ. ಈ ಆಟದ ಎರಾಂಗಲ್ ನಕ್ಷೆ 8 ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ಅದರ ಮೂಲೆಮೂಲೆ ಬಲ್ಲವನು ರೇಷನ್ ಅಂಗಡಿಗೆ ಕಳಿಸಿದರೆ ದಾರಿ ಕೇಳುತ್ತಾನೆ. ಇದಕ್ಕೆ ವಿಷಯತಜ್ಞತೆ ಎಂದು ಹೆಸರು, ಪಿಎಚ್.ಡಿ. ಮಾಡಿದವರಲ್ಲೂ ಕಂಡಿದ್ದೇನೆ.

ನೀತಿಶಾಸ್ತ್ರವೂ ಉಂಟು. ಅಜ್ಜಿ ಊಟಕ್ಕೆ ಮೂರನೇ ಸಲ ಕರೆದಾಗ ಅವನು ಗೋಡೆ ಕಡೆ ಹೊರಳಿ, "ತಾಳೋ, ರಿವೈವ್ ಮಾಡ್ತೀನಿ, ಝೋನ್ ಬರ್ತಿದೆ!" ಎಂದು ಅರಚುತ್ತಿದ್ದ. ಬಿದ್ದ ಗೆಳೆಯನನ್ನು ಎತ್ತಲು ಗುಂಡಿನ ಮಳೆಗೆ ನುಗ್ಗುವ ಈ ಪರೋಪಕಾರ, ಉಂಡ ತಟ್ಟೆ ಎತ್ತುವವರೆಗೆ ಇನ್ನೂ ಬಂದಿಲ್ಲ. ಗೆದ್ದಾಗ "ಚಿಕನ್ ಡಿನ್ನರ್!" ಎಂದು ಕೂಗಿದ್ದಕ್ಕೆ ಮಡಿಯಲ್ಲಿದ್ದ ಅಜ್ಜಿ ಎರಡನೇ ಸ್ನಾನಕ್ಕೆ ಹೋದದ್ದು ಬೇರೆ ಮಾತು.

ಪ್ರಮಾಣಗಳಿಗೇನು ಕೊರತೆ? ನಾರ್ವೆಯ ಬರ್ಗೆನ್‌ನ ಒಂದು ಶಾಲೆ 2016ರಲ್ಲೇ ಇ-ಸ್ಪೋರ್ಟ್ಸನ್ನು ಪಾಠದ ವಿಷಯವಾಗಿಸಿತು. 2022ರ ಡಿಸೆಂಬರಿನಲ್ಲಿ ನಮ್ಮ ಕೇಂದ್ರ ಸರ್ಕಾರವೂ ಅದನ್ನು ಕ್ರೀಡಾಕೂಟದ ಪಂಕ್ತಿಗೆ ಸೇರಿಸಿತು. ಮರುವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಅದು ಪದಕದ ಸ್ಪರ್ಧೆಯೂ ಆಯಿತು.

ಆದರೆ ಪರಮಪ್ರಮಾಣ ನಮ್ಮ ಶಾಲೆಗಳ ಟೈಮ್‌ಟೇಬಲ್. ಪಿ.ಟಿ. ಪೀರಿಯಡ್ಡಿನ ಬೆಲ್ಲಾಯಿತೆಂದು ಮಕ್ಕಳು ಶೂ ಲೇಸು ಬಿಗಿಯುವಾಗ ಬಾಗಿಲಲ್ಲಿ ಕಾಣುವುದು ಸೀಟಿಯಲ್ಲ, ಸೀಮೆಸುಣ್ಣ. "ಪೋರ್ಷನ್ ಬಾಕಿ ಇದೆ, ಗಣಿತದ ನೋಟ್ಸ್ ತೆಗೀರಿ." ಡ್ರಾಯಿಂಗಿಗೂ ಅದೇ ಗತಿ. ಹೀಗಿರಲು, ವಾರಕ್ಕೆ ಎರಡು ಗೇಮಿಂಗ್ ಪೀರಿಯಡ್ ಇಟ್ಟರೆ ಬೀಜಗಣಿತಕ್ಕೆ ಎರಡು ಪೀರಿಯಡ್ ಹೆಚ್ಚಿಗೆ ಸಿಕ್ಕವು. ಗೇಮಿಂಗಿನಿಂದ ಗಣಿತ ಸುಧಾರಿಸುತ್ತದೆ, ಇತಿ ಸಿದ್ಧಮ್.

ಸಿದ್ಧಾಂತವನ್ನು ಹುಡುಗನ ಮುಂದೆ ಮಂಡಿಸಿದೆ. ಫೋನಿನಿಂದ ತಲೆಯೆತ್ತದೆ ಅಂದ: "ಸ್ಕೂಲಿಗೆ ಮಾತ್ರ ಹೇಳ್ಬೇಡಿ ಮಾಮ. ಇದೊಂದಾದ್ರೂ ಉಳೀಲಿ."