ಎದೆಯೊಳಗೂ ಬಗರ್‌ಹುಕುಂ

2025ರ ಜುಲೈನಲ್ಲಿ ನಮ್ಮ ರಾಜ್ಯದ ಜನಕ್ಕೆ ತಮ್ಮ ಎದೆಯೊಳಗೆ ಹೃದಯವೊಂದಿದೆ ಎಂಬುದು ಇದ್ದಕ್ಕಿದ್ದಂತೆ ನೆನಪಾಯಿತು. ಹಾಸನ ಜಿಲ್ಲೆಯಲ್ಲಿ 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂದು ಟಿ.ವಿ.ಗಳು ಕೂಗಿದ್ದೇ ತಡ, ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಉದ್ದುದ್ದ ಸಾಲು. ಗಾಬರಿಯಾಗಬೇಡಿ, ಎಲ್ಲರೂ ಒಟ್ಟಿಗೆ ನುಗ್ಗಬೇಡಿ ಎಂದು ವೈದ್ಯರೇ ಕೈಮುಗಿಯಬೇಕಾಯಿತು. ಕೈಮುಗಿದರೆ ಕೇಳುವವರಾರು? ಇಸಿಜಿ ಮಾಡಿಸಿ, ‘ನಾರ್ಮಲ್’ ಎಂಬ ಚೀಟಿ ಜೇಬಿಗಿಳಿಸಿ, ಬದುಕಿದೆನಲ್ಲ ಎಂಬ ಸಂತೋಷಕ್ಕೆ ಎರಡು ಪ್ಲೇಟ್ ಬೋಂಡ, ಮೇಲೊಂದು ಸಿಗರೇಟು ಮುಗಿಸಿಯೇ ಊರಿನ ಬಸ್ಸು ಹತ್ತುವ ಜನ ನಾವು.

ಸರಿ, ಅಪರಾಧಿ ಯಾರು? ಕೋವಿಡ್ ಲಸಿಕೆ ಎಂದು ಅರಳಿಕಟ್ಟೆ ತೀರ್ಪು ಕೊಟ್ಟಿತು. ಲಸಿಕೆಗೆ ಅವಸರದಲ್ಲಿ ಅನುಮತಿ ಕೊಟ್ಟದ್ದೂ ಕಾರಣವಿರಬಹುದೆಂದು ಸ್ವತಃ ಮುಖ್ಯಮಂತ್ರಿಗಳೇ ಅನುಮಾನ ಹರಿಯಬಿಟ್ಟರು. ಜಯದೇವದ ನಿರ್ದೇಶಕರ ನೇತೃತ್ವದ ಸಮಿತಿ ಕೂತು ನೋಡಿದರೆ ಲಸಿಕೆಗೂ ಸಾವಿಗೂ ನಂಟು ಸಿಗಲಿಲ್ಲ. ಸಿಕ್ಕಿದ್ದು ಅದೇ ಹಳೆಯ ಗಿರಾಕಿಗಳು: ಬಿ.ಪಿ., ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಹೊಗೆ. ಇಷ್ಟು ನಿರಾಸೆ ತಂದ ವರದಿ ಇನ್ನೊಂದಿರಲಾರದು. ಲಸಿಕೆಯಾಗಿದ್ದರೆ ಸರ್ಕಾರವನ್ನು ಬೈಯಬಹುದಿತ್ತು. ಬೀಡಿಯಾದರೆ ಯಾರನ್ನು ಬೈಯುವುದು?

ರಕ್ತನಾಳದಲ್ಲಿ ನಡೆಯುವುದೇನೆಂದು ತಿಳಿಯಲು ಕನ್ನಡಿಗನಿಗೆ ವೈದ್ಯಕೀಯ ಓದಬೇಕಿಲ್ಲ. ತಾಲ್ಲೂಕು ಕಚೇರಿಗೆ ಅಲೆದಿದ್ದರೆ ಸಾಕು. ಅದು ಅಪ್ಪಟ ಬಗರ್‌ಹುಕುಂ ಸಾಗುವಳಿ. ಧಮನಿಯ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಪದರವಿದೆ. ಅದೇ ಬೇಲಿ. ಹೆಚ್ಚಿದ ರಕ್ತದೊತ್ತಡ, ಸಕ್ಕರೆ, ತಂಬಾಕಿನ ಹೊಗೆ ಸೇರಿ ಆ ಬೇಲಿಯನ್ನು ಸಡಿಲ ಮಾಡುತ್ತವೆ. ಅಷ್ಟಾದರೆ ಸಾಕು, ಎಲ್‌ಡಿಎಲ್ ಎಂಬ ಕೊಲೆಸ್ಟರಾಲ್ ಕಣಗಳು ಒಳಗೆ ನುಸುಳಿ, ಗೋಡೆಯಲ್ಲೇ ಬೇರೂರಿ ಕೆಡುತ್ತವೆ. ತೆರವು ಮಾಡಿಸಲು ಬಿಳಿ ರಕ್ತಕಣಗಳು ಬರುತ್ತವೆ. ಬಂದ ಅಧಿಕಾರಿಗಳು ಅಲ್ಲಿದ್ದದ್ದನ್ನು ಗಬಗಬನೆ ತಿಂದು, ಉಬ್ಬಿ, ಎದ್ದು ಹೋಗಲಾರದೆ ಅಲ್ಲೇ ಠಿಕಾಣಿ ಹೂಡುತ್ತಾರೆ! ತೆರವಿಗೆ ಬಂದವರೇ ಒತ್ತುವರಿದಾರರು. ಅವರು ಅಲ್ಲೇ ಸತ್ತು ಕೊಳೆತ ಕೊಬ್ಬಿನ ರಾಶಿಯ ಮೇಲೆ ಗೋಡೆಯ ಸ್ನಾಯುಕೋಶಗಳು ನಾರಿನ ಚಾವಣಿ ಹೊದಿಸುತ್ತವೆ. ಕಾಲ ಕಳೆದಂತೆ ಸುಣ್ಣದಂಶ ಸೇರಿ ಪಕ್ಕಾ ಕಟ್ಟಡ. ಸಕ್ರಮಕ್ಕೆ ನಮೂನೆ 57 ಭರ್ತಿ ಮಾಡಿಲ್ಲ ಅನ್ನುವುದೊಂದೇ ಕೊರತೆ.

ಜನರ ಬಾಯಲ್ಲಿ ಇದಕ್ಕೆಲ್ಲ ಒಂದೇ ಹೆಸರು: ಬ್ಲಾಕು. ಮದುವೆ ಮನೆಯ ಪಂಕ್ತಿಯಲ್ಲಿ ಇದೊಂದು ಅಂತಸ್ತಿನ ವಿಷಯ. ‘ನಂಗೆ ಮೂರು ಬ್ಲಾಕು, ಎರಡು ಸ್ಟಂಟ್ ಹಾಕವ್ರೆ’ ಎಂದೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಹೇಳಿದರೆ, ಒಂದೇ ಬ್ಲಾಕಿನವರು ಕೀಳರಿಮೆಯಿಂದ ಪಲ್ಯ ಕೆದಕುತ್ತಾರೆ. ದಾರಿ ಕಟ್ಟಿದ್ದನ್ನು ಬಿಡಿಸಿದರೆ ಕಾಯಿಲೆಯೇ ಹೋಯಿತೆಂದು ಇವರ ನಂಬಿಕೆ. ಒತ್ತುವರಿ ನಡೆಯುವುದು ಗೋಡೆಯೊಳಗೆ, ಊರ ತುಂಬಾ. ಸ್ಟೆಂಟು ಕೂರುವುದು ಒಂದೆರಡು ಕಡೆ.

ಇದರಲ್ಲೊಂದು ಮಹಾ ಮೋಸವೂ ಇದೆ. ಒತ್ತುವರಿ ಬೆಳೆದಂತೆ ಧಮನಿ ಪಾಪ ಹೊರಕ್ಕೆ ಉಬ್ಬಿ ಜಾಗ ಮಾಡಿಕೊಡುತ್ತದೆ. ಕೊಬ್ಬು ಸುಮಾರು ಶೇ 40ರಷ್ಟು ಜಾಗ ನುಂಗುವವರೆಗೂ ರಕ್ತದ ದಾರಿ ಕಿರಿದಾಗುವುದಿಲ್ಲವೆಂದು ಷಿಕಾಗೋದ ಸೆಮೋರ್ ಗ್ಲಾಗೊವ್ 1987ರಲ್ಲೇ ತೋರಿಸಿದ್ದರು. ಇಸಿಜಿಗೆ ಇದು ಕಾಣುವುದೇ ಇಲ್ಲ. ಮೇಲಾಗಿ ಪ್ರಾಣ ತೆಗೆಯುವುದು ಎಷ್ಟೋ ಸಲ ಹಳೆಯ ಪಕ್ಕಾ ಕಟ್ಟಡವಲ್ಲ, ಚಾವಣಿ ತೆಳುವಾಗಿರುವ ಸಣ್ಣ ಗುಡಿಸಲು. ಅದು ಹರಿದರೆ ಒಳಗಿನ ಕೊಳಕು ರಕ್ತಕ್ಕೆ ತಾಗಿ, ನಿಮಿಷಗಳಲ್ಲಿ ಹೆಪ್ಪುಗಟ್ಟಿ, ಕೆಲವೇ ಮಿಲಿಮೀಟರಿನ ನಾಳ ಮುಚ್ಚಿಹೋಗುತ್ತದೆ. ‘ನಿನ್ನೆ ಸಂಜೆ ನಗ್ತಾ ನಗ್ತಾ ಮಾತಾಡಿದ್ರಲ್ಲ’ ಎಂದು ನಾವು ಬೆರಗಾಗುತ್ತೇವೆ. ನಗುವುದಕ್ಕೇನು ಅಡ್ಡಿಯಿತ್ತು?

ವಯಸ್ಸಾದ ಮೇಲೆ ನೋಡಿಕೊಂಡರಾಯಿತು ಎನ್ನುವವರಿಗೆ ಒಂದು ಹಳೆಯ ಸುದ್ದಿ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಕೊಯ್ದು ನೋಡಿ 1953ರಲ್ಲಿ ವರದಿ ಪ್ರಕಟಿಸಿದರು. ಸರಾಸರಿ ವಯಸ್ಸು 22. ನೂರಕ್ಕೆ 77 ಜನರ ಹೃದಯದ ಧಮನಿಗಳಲ್ಲಿ ಈ ಕೆಲಸ ಆಗಲೇ ಶುರುವಾಗಿತ್ತು. ‘ನಮ್ಮ ಹಿರಿಯರ ಕಾಲದಲ್ಲಿ ಇದೆಲ್ಲ ಎಲ್ಲಿತ್ತು’ ಎನ್ನುವವರಿಗೆ ಇನ್ನೂ ಹಳೆಯದಿದೆ: 137 ಮಮ್ಮಿಗಳನ್ನು ಸಿ.ಟಿ. ಸ್ಕ್ಯಾನರಿನೊಳಗೆ ಮಲಗಿಸಿ ನೋಡಿದಾಗ ಮೂರನೇ ಒಂದು ಭಾಗದವರ ರಕ್ತನಾಳಗಳು ಕೆಟ್ಟಿದ್ದವು. ಅವರಿಗೆ ಲಸಿಕೆ ಹಾಕಿದವರಾರೋ!

ಇಷ್ಟೆಲ್ಲ ಕೇಳಿದ ಮೇಲೂ ನಮ್ಮ ವಿಶ್ವಾಸ ವಾಟ್ಸ್ಯಾಪಿನ ಬೆಳ್ಳುಳ್ಳಿ-ಶುಂಠಿ-ನಿಂಬೆರಸದ ಮೇಲೆ. ಬ್ಲಾಕು ಬೆಣ್ಣೆಯಂತೆ ಕರಗುತ್ತದಂತೆ. ಡಾಕ್ಟರು ಬರೆದ ಸ್ಟಾಟಿನ್ ಮಾತ್ರ ಬೇಡ, ಅದು ‘ಕೆಮಿಕಲ್’. ಜಪಾನಿನ ಅಕಿರಾ ಎಂಡೊ ಮೊದಲ ಸ್ಟಾಟಿನ್ನನ್ನು ಹುಡುಕಿ ತೆಗೆದದ್ದು ಬೂಷ್ಟಿನಿಂದ. ಬೂಷ್ಟಿಗಿಂತ ನೈಸರ್ಗಿಕವಾದದ್ದು ಇನ್ನೇನು ಬೇಕು? ಎಲ್‌ಡಿಎಲ್ ಇಳಿಸಿ, ತೆಳು ಚಾವಣಿಯನ್ನು ಗಟ್ಟಿ ಮಾಡುವ ಆ ಮಾತ್ರೆಯನ್ನು, ರಿಪೋರ್ಟ್ ಸರಿಬಂದ ದಿನವೇ ‘ಇನ್ಯಾಕೆ’ ಎಂದು ನಿಲ್ಲಿಸುವವರಿದ್ದಾರೆ. ಮಾತ್ರೆಯಿಂದಲೇ ಸರಿಬಂದದ್ದು ಎಂದು ಹೇಳಿ ನೋಡಿ, ಡಾಕ್ಟರಿಗೆ ಕಂಪನಿಯವರು ಕಮಿಷನ್ ಕೊಡುತ್ತಾರೆಂಬ ಗುಟ್ಟು ನಿಮಗೇ ತಿಳಿಸುತ್ತಾರೆ.

ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದು, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಇರಿಸಿದೆ. ಮದ್ದು ಆಸ್ಪತ್ರೆಯಲ್ಲಿದೆ, ರೋಗಿ ಮನೆಯಲ್ಲಿದ್ದಾನೆ. ಎದೆ ಹಿಂಡುತ್ತಿದೆ, ಎಡಗೈ ಸೆಳೆಯುತ್ತಿದೆ, ಬನಿಯನ್ ಒದ್ದೆ. ‘ರೀ, ಆಟೋ ಕರೀಲಾ?’ ಎಂದರೆ ‘ಗ್ಯಾಸು ಕಣೇ, ಜೀರಿಗೆ ನೀರು ತಾ’. ಜೀರಿಗೆ ಆಯಿತು, ಸೋಡಾ ಆಯಿತು, ಪಕ್ಕದ ಮನೆಯವರು ಬೆನ್ನು ತಿಕ್ಕಿದ್ದಾಯಿತು. ಕೋಳಿ ಕೂಗುವ ಹೊತ್ತಿಗೆ ಅಂತೂ ಆಸ್ಪತ್ರೆ ಸೇರುತ್ತಾರೆ. ಡಾಕ್ಟರಿಗೆ ಮೊದಲು ಬೇಕಾದದ್ದು ಒಂದೇ ಲೆಕ್ಕ: ನೋವು ಶುರುವಾಗಿ ಎಷ್ಟು ಹೊತ್ತಾಯಿತು?

‘ರಾತ್ರಿ ಹನ್ನೊಂದರಿಂದ’ ಎನ್ನುತ್ತಾಳೆ ಹೆಂಡತಿ.

‘ಅವಳಿಗೇನು ಗೊತ್ತು ಡಾಕ್ಟ್ರೇ, ಅದು ಗ್ಯಾಸು’ ಎನ್ನುತ್ತಾನೆ ಗಂಡ. ‘ನೋವು ಬಂದಿದ್ದು ಈಗ, ಆಟೋದಲ್ಲಿ.’