ಗಿಟಾರಿನ ಕೊರಳಿಗೆ ಅಂಟುಚೀಟಿ

ಹೊಸದಾಗಿ ಗಿಟಾರ್ ಹಿಡಿದವರು ಫ್ರೆಟ್‌ಬೋರ್ಡಿನ ತುಂಬ ಸ್ವರದ ಹೆಸರಿನ ಸ್ಟಿಕ್ಕರ್ ಮೆತ್ತುತ್ತಾರೆ. ಕಲಿಯುವವರೆಗೆ ತಾನೇ, ಆಮೇಲೆ ಕಿತ್ತರಾಯಿತು ಎಂಬುದು ವಾದ. ಚೀಟಿ ಬರುತ್ತದೆ, ಅಂಟು ಮಾತ್ರ ಮದುವೆ ಮುಗಿದರೂ ಹೊರಡದ ನೆಂಟ. ರೋಸ್‌ವುಡ್ ಹಲಗೆಗೆ ಸಾಮಾನ್ಯವಾಗಿ ವಾರ್ನಿಷ್ ಇರುವುದಿಲ್ಲ, ಅಂಟು ಮರದ ರಂಧ್ರಕ್ಕಿಳಿಯುತ್ತದೆ. ಆದರೂ ಹೇರ್‌ಡ್ರೈಯರಿನ ಹದವಾದ ಬಿಸಿಗೆ ಸಡಿಲಾಗಿ, ಒರೆಸಿದರೆ ಹೋದೀತು. ಹಳೆಯ ಮೇಪಲ್ ಹಲಗೆಯ ನೈಟ್ರೋಸೆಲ್ಯುಲೋಸ್ ಲ್ಯಾಕರಿಗೆ ಅಷ್ಟು ಸಹನೆಯಿಲ್ಲ: ವಿನೈಲ್, ರಬ್ಬರುಗಳ ದೀರ್ಘ ಸಹವಾಸಕ್ಕೇ ಮೆತ್ತಗಾಗಿಬಿಡುತ್ತದೆ, ಬಿಸಿ ತಾಗಿಸಿದರೆ ಇನ್ನೂ ಕೆಡುತ್ತದೆ. ಅಂಟಿಲ್ಲದೆ ಕೂರುವ ಪಟ್ಟಿಗಳಿವೆಯಲ್ಲ ಎನ್ನಬಹುದು. ಇವೆ, ಆದರೆ ಪಟ್ಟಿ ತುಸು ದಪ್ಪವಾದರೂ ತಂತಿ ಅದಕ್ಕೆ ತಾಗಿ ಗೊರಗುಟ್ಟೀತು. ಅಷ್ಟಕ್ಕೂ ನುಡಿಸುವವರ ಕಣ್ಣಿಗೆ ಚೆನ್ನಾಗಿ ಬೀಳುವುದು ಹಲಗೆಯ ಅಂಚು. ಅಲ್ಲಿ ಬಹುಪಾಲು ಗಿಟಾರುಗಳಲ್ಲಿ 3, 5, 7, 9, 12ನೇ ಫ್ರೆಟ್ಟುಗಳ ಬಳಿ ತಯಾರಕರೇ ಚುಕ್ಕಿ ಇಟ್ಟಿರುತ್ತಾರೆ, ಅದೂ ಪುಕ್ಕಟೆಯಾಗಿ.