ಕಬ್ಬು ಖರೀದಿ ವಿಭಾಗ: ಜೋಡಣೆ ಮತ್ತು ಬಳಕೆಯ ಕೈಪಿಡಿ

ಮೊದಲು ಬಾಗಿಲು ಎರಡು ಇಡಿ. ಎಂ.ಕೆ. ಹುಬ್ಬಳ್ಳಿಯಾಗಲಿ, ಮುನವಳ್ಳಿಯಾಗಲಿ, ರಾಮದುರ್ಗ ತಾಲ್ಲೂಕಿನ ಖಾನಪೇಟೆಯಾಗಲಿ, ಸಕ್ಕರೆ ಕಾರ್ಖಾನೆ ಅಂದಮೇಲೆ ಖರೀದಿಗೆ ಎರಡು ಬಾಗಿಲು ಬೇಕೇ ಬೇಕು. ಒಂದು ಸ್ಟೋರ್ಸಿನದು, ಇನ್ನೊಂದು ಕಬ್ಬಿನದು.

ಸ್ಟೋರ್ಸಿನ ಬಾಗಿಲಿಗೆ ಎಂಬಿಎ ಮಾಡಿದ ಪರ್ಚೇಸ್ ಮ್ಯಾನೇಜರ್ ಒಬ್ಬನನ್ನು ಕೂರಿಸಿ. ರಸ ತಿಳಿ ಮಾಡುವ ಸುಣ್ಣ, ಗಂಧಕ, ಬೇರಿಂಗು, ಗೋಣಿಚೀಲ ಅವನ ಪಾಲು. ಇಂಡೆಂಟ್, ಮೂರು ಕೊಟೇಶನ್, ಸಮಿತಿಯ ಸಹಿ. ಮಾರುವವನು ಇಲ್ಲಿ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಾನೆ, ತನ್ನ ದರ ತಾನೇ ಬರೆದುಕೊಡುತ್ತಾನೆ. ಎಲ್ಲ ಕಂಪನಿಗಳಲ್ಲೂ ಇದೇ ಪಾಠ. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ.

ಕಬ್ಬಿನ ಬಾಗಿಲಿಗೆ ಬನ್ನಿ. ಕಾರ್ಖಾನೆಯ ಖರ್ಚಿನ ದೊಡ್ಡ ಪಾಲು ಹೋಗುವುದು ಇಲ್ಲಿಂದಲೇ. ಆದರೂ ಕೊಟೇಶನ್ ಕೇಳಬೇಡಿ; ಇಲ್ಲಿ ಮಾರುವವನು ದರ ಹೇಳುವ ರೂಢಿಯಿಲ್ಲ. ಅದು ದಿಲ್ಲಿಯಿಂದ ಬರುತ್ತದೆ: 2025-26ರ ಹಂಗಾಮಿಗೆ ಶೇ 10.25 ಸಕ್ಕರೆ ಇಳುವರಿಯಿದ್ದರೆ ಕ್ವಿಂಟಲ್‌ಗೆ 355 ರೂಪಾಯಿ. ಇಳುವರಿ ಅಳೆಯುವ ಪ್ರಯೋಗಾಲಯ ನಿಮ್ಮದಿರಲಿ. ಕಾಟಾ ನಿಮ್ಮ ಅಂಗಳದಲ್ಲೇ ಇರಲಿ. ಕಟಾವು, ಸಾಗಾಣಿಕೆಯ ಖರ್ಚು ಬಿಲ್ಲಿನಲ್ಲೇ ಮುರಿದುಕೊಳ್ಳಿ.

ಸಿಬ್ಬಂದಿ ಹೀಗೆ: ಮೇಲೆ ಕೇನ್ ಮ್ಯಾನೇಜರ್, ನಡುವೆ ಕೃಷಿ ಅಧಿಕಾರಿ, ತಳದಲ್ಲಿ ಫೀಲ್ಡ್‌ಮನ್. ತಳದಲ್ಲಿದ್ದಾನೆಂದು ಮೋಸಹೋಗಬೇಡಿ. ಯಾರ ಹೊಲದಲ್ಲಿ ನಾಟಿ, ಯಾರದು ಕೂಳೆ, ಯಾರ ಕಬ್ಬಿಗೆ ಎಷ್ಟು ತಿಂಗಳಾಯಿತು, ಎಲ್ಲ ಅವನ ಡೈರಿಯಲ್ಲಿದೆ. ಕಟಾವಿನ ಚೀಟಿಯೂ ಅವನ ಕಿಸೆಯಲ್ಲೇ. ನವೆಂಬರ್ ಬಂತೆಂದರೆ ಲಗ್ನಪತ್ರಿಕೆಯ ಜೊತೆ ಸೋದರಮಾವನಿಗಿಂತ ಮೊದಲು ಅವನ ಮನೆಗೆ ಹೋಗುವವರಿದ್ದಾರೆ.

"ಸಾಹೇಬ್ರ, ನಮ್ಮ ಪಾಳಿ ಯಾವಾಗ್ರೀ?"

"ಬರೂ ವಾರ ನೋಡೂಣ್ರಿ."

ಸಿಬ್ಬಂದಿಯ ತರಬೇತಿಗೆ ಇಷ್ಟು ಸಾಕು: ಸುಣ್ಣದ ವ್ಯಾಪಾರಿ ಸಿಟ್ಟಾದರೆ ಲಾರಿ ತಿರುಗಿಸಿಕೊಂಡು ಹೋದಾನು. ಕಬ್ಬಿಗೆ ಆ ಸವಲತ್ತಿಲ್ಲ. ಕಡಿಯದೆ ಬಿಟ್ಟರೆ ಬೇಸಿಗೆಯ ಬಿಸಿಲಿಗೆ ಒಣಗುತ್ತದೆ; ಕಡಿದಿಟ್ಟರೆ ಮರುದಿನದಿಂದಲೇ ತೂಕವೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಆದ್ದರಿಂದ ಅವಸರವೆಲ್ಲ ಮಾರುವವನದೇ. ಕಡಿಯುವ ಗ್ಯಾಂಗು, ಅದರ ಮುಕಾದಮ, ಅವರು ಕೇಳುವ ಮೇಲಿನ ದುಡ್ಡು, ಇವನ್ನು ವಿಭಾಗದ ನಕ್ಷೆಯಲ್ಲಿ ತೋರಿಸಬೇಡಿ.

ಸಹಕಾರಿ ಕಾರ್ಖಾನೆಯವರಿಗೆ ವಿಶೇಷ ಸೂಚನೆ: ಗೇಟಿನ ಹೊರಗೆ ಟ್ರ್ಯಾಕ್ಟರಿನ ಮೇಲೆ ಕಂಬಳಿ ಹೊದ್ದು ರಾತ್ರಿ ಕಳೆಯುತ್ತಿರುವವನು ಷೇರುದಾರ, ಅಂದರೆ ನಿಮ್ಮ ಮಾಲೀಕ. ಅವನಿಗೆ ವರ್ಷಕ್ಕೊಮ್ಮೆ ಸಾಮಾನ್ಯ ಸಭೆಯಲ್ಲಿ ಕುರ್ಚಿ ಹಾಕಿಸಿ.

ಕೊನೆಯದು ಬಿಲ್ಲು. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಮುಟ್ಟಿದ 14 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ವರ್ಷಕ್ಕೆ ಶೇ 15 ಬಡ್ಡಿ. ಬಡ್ಡಿ ಲೆಕ್ಕ ಹಾಕಲು ಒಬ್ಬ ಗುಮಾಸ್ತನ ಹುದ್ದೆ ಮಂಜೂರು ಮಾಡಿಸಿ. ತುಂಬುವ ಅವಸರ ಬೇಡ.